ಬಯಲಿನ ಕಲಾಮೇಳಕ್ಕೆ ಜಲವರ್ಣ ಚಿತ್ರ: ಗಾಜು, ಅಕ್ರಿಲಿಕ್, ಮೇಣ ಮತ್ತು ಬರಿಯ ಕವರ್

ಜಲವರ್ಣದ ಚಿತ್ರವನ್ನು ತೈಲವರ್ಣದ ಕ್ಯಾನ್ವಾಸಿನ ಹಾಗೆ ಬರಿದೇ ತೂಗುಹಾಕಲು ಬರುವುದಿಲ್ಲ. ತೇವ, ಧೂಳು, ಬೆರಳಿನ ಜಿಡ್ಡು ಎಲ್ಲವೂ ಕಾಗದವನ್ನು ಕೆಡಿಸುವುದರಿಂದ ಅದಕ್ಕೆ ಏನಾದರೊಂದು ಹೊದಿಕೆ ಇರಲೇಬೇಕು. ಬೇಸಿಗೆಯ ಬಯಲು ಮೇಳದಲ್ಲಂತೂ ನಾವು ಹೊರುವ ಭಾರ, ನೋಡುವವರ ಕಣ್ಣಿಗೆ ಹೊಡೆಯುವ ಪ್ರತಿಫಲನ, ಕೊನೆಗೆ ಮಾರಾಟ ಕೂಡ ಆ ಹೊದಿಕೆಯನ್ನೇ ಅವಲಂಬಿಸಿರುತ್ತದೆ. ಮನೆಗೆ ಹತ್ತಿರದ ಮೇಳಗಳಲ್ಲಿ ನಾನು ನಾಲ್ಕು ವಿಧಾನಗಳನ್ನು ಬಳಸಿ ನೋಡಿದ್ದೇನೆ: ಗಾಜಿನ ಫ್ರೇಮು, ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಫ್ರೇಮು, ಮರದ ಹಲಗೆಗೆ ಅಂಟಿಸಿ ಮೇಣ ಸವರಿದ ಚಿತ್ರ, ಮತ್ತು ಫ್ರೇಮಿಲ್ಲದೆ ಮೌಂಟ್ ಬೋರ್ಡಿನೊಂದಿಗೆ (ಚಿತ್ರದ ಸುತ್ತ ಅಂಚಿನಂತೆ ಕೂರುವ ದಪ್ಪ ರಟ್ಟು) ಪಾರದರ್ಶಕ ಕವರಿನಲ್ಲಿಟ್ಟ ಚಿತ್ರ.

ಗಾಜಿನ ಗೌರವವೇ ಬೇರೆ. ಗಾಜು ಹಾಕಿದ ಚಿತ್ರವನ್ನು ಜನ ನಿಂತು ನೋಡುತ್ತಾರೆ, ಅದರ ಬೆಲೆಯ ಬಗ್ಗೆ ಚೌಕಾಸಿ ಕೂಡ ಕಡಿಮೆ. ಗೀರು ಬೀಳುವುದು ಅಪರೂಪ, ಒರೆಸುವುದು ಸುಲಭ. ಆದರೆ 2 ಮಿಲಿಮೀಟರ್ ದಪ್ಪದ ಗಾಜು ಎ2 ಅಳತೆಯಲ್ಲಿ (42 × 59.4 ಸೆಂಟಿಮೀಟರ್) ಸುಮಾರು 1.25 ಕಿಲೋ ತೂಗುತ್ತದೆ. ಫ್ರೇಮಿನ ಮರ ಮತ್ತು ಹಿಂಬದಿಯ ಹಲಗೆಯ ತೂಕವನ್ನೂ ಸೇರಿಸಿಕೊಂಡರೆ, ಇಂಥ ಹತ್ತು ಚಿತ್ರಗಳನ್ನು ಡೇರೆಯ ಜಾಲರಿಗೆ ನೇತುಹಾಕುವಾಗ ಜಾಲರಿಯೇ ಬಾಗತೊಡಗುತ್ತದೆ. ಗಾಳಿ ಬೀಸಿ ಒಂದು ಫ್ರೇಮು ಕೆಳಗೆ ಬಿದ್ದರೆ ನಷ್ಟ ಗಾಜಿಗೆ ಮುಗಿಯದೆ, ಒಳಗಿನ ಕಾಗದವನ್ನೂ ಚೂರುಗಳು ಸೀಳಿಬಿಡುತ್ತವೆ. ಇದಲ್ಲದೆ, ಬಿಸಿಲು ನೇರವಾಗಿ ಬಿದ್ದಾಗ ಕಾಗದದಲ್ಲಿರುವ ತೇವ ಆವಿಯಾಗಿ ಗಾಜಿನ ಒಳಮೈಯಲ್ಲಿ ಮಂಜಿನಂತೆ ಕೂರುವುದುಂಟು. ಚಿತ್ರ ಮತ್ತು ಗಾಜಿನ ನಡುವೆ ಮೌಂಟ್ ಬೋರ್ಡಿನ ಅಂತರವಿಲ್ಲದಿದ್ದರೆ ಆ ತೇವ ಬಣ್ಣಕ್ಕೇ ತಾಗುತ್ತದೆ.

ಅಕ್ರಿಲಿಕ್ ಹಾಳೆಯ ಸಾಂದ್ರತೆ ಗಾಜಿನ ಅರ್ಧಕ್ಕಿಂತಲೂ ಕಡಿಮೆ ಇರುವುದರಿಂದ ಅದೇ ಎ2 ಅಳತೆಗೆ ಸುಮಾರು 600 ಗ್ರಾಂ ಮಾತ್ರ ತೂಗುತ್ತದೆ, ಗಾಜಿನಂತೆ ಸುಲಭವಾಗಿ ಒಡೆಯುವುದೂ ಇಲ್ಲ. ಬೆಳಕು ಹಾಯುವ ಪ್ರಮಾಣದಲ್ಲಿಯೂ ಅದು ಗಾಜಿಗೆ ಕಡಿಮೆಯಿಲ್ಲ. ತೊಂದರೆಗಳು ಬೇರೆ ಕಡೆ ಇವೆ. ಒಣಬಟ್ಟೆಯಿಂದ ಒರೆಸಿದಷ್ಟೂ ಅದರಲ್ಲಿ ಸ್ಥಿರ ವಿದ್ಯುತ್ತು ಹುಟ್ಟಿ ಮೈದಾನದ ಧೂಳನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಇದೇ ಕಾರಣಕ್ಕೆ ಪುಡಿ ಉದುರುವ ಪೇಸ್ಟಲ್ ಮತ್ತು ಇದ್ದಿಲಿನ ಚಿತ್ರಗಳಿಗೆ ಇದನ್ನು ಬಳಸಲೇಬಾರದು. ಗಾಜು ಒರೆಸಲೆಂದು ಮಾರುವ ಅಮೋನಿಯಾ ಬೆರೆತ ದ್ರವ ಇದಕ್ಕೆ ತಗುಲಿದರೆ ಮೈ ಮಬ್ಬಾಗಿ ಸಣ್ಣ ಬಿರುಕು ಬಿಡುತ್ತದೆ. ತುಸು ಸಾಬೂನಿನ ನೀರು, ಒದ್ದೆ ಮಾಡಿದ ಮೆತ್ತನೆಯ ಬಟ್ಟೆ ಸಾಕು. ನೇರಳಾತೀತ ಕಿರಣಗಳನ್ನು ತಡೆಯುವ ಬಗೆಯ ಅಕ್ರಿಲಿಕ್ ಕೂಡ ಸಿಗುತ್ತದೆ, ಬೆಲೆ ಹೆಚ್ಚು. ಆದರೆ ಬಣ್ಣವನ್ನು ಮಾಸಿಸುವುದು ನೇರಳಾತೀತ ಕಿರಣವೊಂದೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಆದ್ದರಿಂದ ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪಿನಂತಹ ಬೇಗ ಮಾಸುವ ವರ್ಣದ್ರವ್ಯ ಇರುವ ಚಿತ್ರವನ್ನು ಯಾವ ಹೊದಿಕೆಯಡಿಯಲ್ಲಿಟ್ಟರೂ ನೆರಳಿನ ಬದಿಯಲ್ಲೇ ತೂಗುಹಾಕುವುದು ಲೇಸು. ಹೊರಗಿನ ಮೇಳದ ಮಟ್ಟಿಗೆ ಗಾಜು ಮತ್ತು ಅಕ್ರಿಲಿಕ್ ನಡುವೆ ನನ್ನ ಆಯ್ಕೆ ಸಂಶಯವಿಲ್ಲದೆ ಅಕ್ರಿಲಿಕ್.

ಮೇಣ ಸವರಿದ ಹಲಗೆಯ ದೊಡ್ಡ ಗುಣವೆಂದರೆ ಪ್ರತಿಫಲನವಿಲ್ಲದಿರುವುದು. ಗಾಜಿನಲ್ಲೂ ಅಕ್ರಿಲಿಕ್ಕಿನಲ್ಲೂ ಮಧ್ಯಾಹ್ನದ ಹೊತ್ತಿಗೆ ಗಿರಾಕಿಗೆ ಚಿತ್ರಕ್ಕಿಂತ ಹೆಚ್ಚಾಗಿ ತನ್ನ ಮುಖವೂ ಎದುರು ಮಳಿಗೆಯೂ ಕಾಣುತ್ತವೆ. ಇಲ್ಲಿ ಬಣ್ಣ ಬಣ್ಣವಾಗಿಯೇ ಕಾಣುತ್ತದೆ. ಆದರೆ ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಾದರೂ ಮೆತ್ತಗಾಗುವುದು ಅದಕ್ಕಿಂತ ಬಹಳ ಮೊದಲೇ, ಮತ್ತು ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಆ ಶಾಖದ ಹತ್ತಿರಕ್ಕೆ ಹೋಗುವುದು ಕಷ್ಟವೇನಲ್ಲ. ಮೆತ್ತಗಾದ ಮೇಣಕ್ಕೆ ಧೂಳು ಅಂಟಿದರೆ ತೆಗೆಯಲಾಗದು. ಚಿಕ್ಕ ಚಿತ್ರಗಳಿಗಷ್ಟೇ ನಾನು ಈ ವಿಧಾನವನ್ನು ಉಳಿಸಿಕೊಂಡಿದ್ದೇನೆ.

ಇನ್ನು ಕವರಿನ ಚಿತ್ರಗಳು. ನೋಡಲು ಇವು ಬಡವಾಗಿ ಕಂಡರೂ ಎಣಿಕೆಯಲ್ಲಿ ಹೆಚ್ಚು ಮಾರಾಟವಾಗುವುದು ಇವೇ. ಮರದ ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿಟ್ಟರೆ ಜನ ಒಂದೊಂದನ್ನೇ ಸರಿಸಿ ನೋಡುತ್ತಾರೆ. ಕೈಗೆ ಕೆಲಸ ಸಿಕ್ಕವರು ಮಳಿಗೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ, ಮಾರುವವರು ಮಾತಿಗೆಳೆಯಬೇಕಾದ ಮುಜುಗರವೂ ತಪ್ಪುತ್ತದೆ. ಚಿತ್ರದ ಅಳತೆ ಏನೇ ಇರಲಿ, ಮೌಂಟ್ ಬೋರ್ಡಿನ ಹೊರ ಅಂಚು ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವ ಫ್ರೇಮಿನ ಅಳತೆಗೆ ಸರಿಹೊಂದುವಂತೆ ಕತ್ತರಿಸುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಫ್ರೇಮನ್ನು ಬೇರೆಯಾಗಿ ಮಾಡಿಸಬೇಕೆಂದು ತಿಳಿದ ಕೂಡಲೇ ಕೊಳ್ಳುವ ಮನಸ್ಸು ಅರ್ಧ ಹಿಂದೆ ಸರಿಯುತ್ತದೆ. ಕವರು ಪಾಲಿಪ್ರೊಪಿಲೀನ್ ಆಗಿರಲಿ. ಪಿವಿಸಿ ಕವರು ಕಾಲಕ್ರಮೇಣ ಹೊರಸೂಸುವ ರಾಸಾಯನಿಕಗಳು ಕಾಗದವನ್ನು ಕೆಡಿಸುತ್ತವೆ. ಪೆಟ್ಟಿಗೆಯನ್ನು ಬಿಸಿಲಿಗೆ ಇಡಬಾರದೆಂದು ಬೇರೆ ಹೇಳಬೇಕಿಲ್ಲ. ಮೂಲ ಚಿತ್ರಗಳನ್ನೂ ಮುದ್ರಿತ ಪ್ರತಿಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಬೆರೆಸುವುದನ್ನು ನಾನು ಒಪ್ಪುವುದಿಲ್ಲ. ಪ್ರತಿಯ ಬೆಲೆ ನೋಡಿದ ಕಣ್ಣಿಗೆ ಪಕ್ಕದ ಮೂಲ ಚಿತ್ರ ದುಬಾರಿಯಾಗಿ ಕಾಣುತ್ತದೆ, ಮೂಲವನ್ನು ಹುಡುಕುವವರಿಗೆ ಎಲ್ಲವೂ ಪ್ರತಿಯೇ ಇರಬಹುದೆಂಬ ಅನುಮಾನ ಹುಟ್ಟುತ್ತದೆ.

ಆದರೂ ಬರಿಯ ಪೆಟ್ಟಿಗೆಗಳಿಂದ ಮಳಿಗೆ ನಡೆಯುವುದಿಲ್ಲ. ಗೋಡೆಯ ಮೇಲೆ ಫ್ರೇಮು ಹಾಕಿದ ಚಿತ್ರ ಇಲ್ಲದಿದ್ದರೆ ದೂರದಿಂದ ಯಾರೂ ಹತ್ತಿರ ಬರುವುದಿಲ್ಲ, ಕವರಿನೊಳಗಿನ ಚಿತ್ರ ತಮ್ಮ ಮನೆಯ ಗೋಡೆಯಲ್ಲಿ ಹೇಗೆ ಕಂಡೀತು ಎಂಬ ಕಲ್ಪನೆಯೂ ಮೂಡುವುದಿಲ್ಲ. ನಾನೀಗ ಅನುಸರಿಸುವ ಕ್ರಮದಲ್ಲಿ ಕೆಲವೇ ದೊಡ್ಡ ಚಿತ್ರಗಳು ಅಕ್ರಿಲಿಕ್ಕಿನಲ್ಲಿ ತೂಗುತ್ತವೆ, ಉಳಿದದ್ದೆಲ್ಲ ಕವರಿನಲ್ಲಿರುತ್ತದೆ. ಡೇರೆಯ ಬಟ್ಟೆ ಬಿಳಿಯದಾಗಿರಬೇಕು. ನೀಲಿ ಅಥವಾ ಕೆಂಪು ಬಟ್ಟೆಯ ಕೆಳಗೆ ಪ್ರತಿ ಚಿತ್ರಕ್ಕೂ ಆ ಬಣ್ಣದ ಛಾಯೆ ಕವಿಯುವುದರಿಂದ ಯಾವ ಹೊದಿಕೆ ಹಾಕಿಯೂ ಪ್ರಯೋಜನವಿಲ್ಲ.

ಮೇಳ ಮನೆಗೆ ಹತ್ತಿರವಿರುವುದು ಈ ಹೋಲಿಕೆಯನ್ನು ನಿಜವಾಗಿ ಬದಲಿಸುತ್ತದೆ. ಮಾರಾಟವಾದ ಜಾಗಕ್ಕೆ ಸಂಜೆ ಮನೆಯಿಂದ ಇನ್ನೊಂದು ಚಿತ್ರ ತರಬಹುದಾದ್ದರಿಂದ ಎಲ್ಲವನ್ನೂ ಒಮ್ಮೆಗೇ ಹೊತ್ತು ಬಿಸಿಲಿಗೆ ಒಡ್ಡಬೇಕಿಲ್ಲ. ಗಾಜೇ ಬೇಕೆನ್ನುವ ಗಿರಾಕಿಗೆ ಮೇಳ ಮುಗಿದ ಮೇಲೆ ಗಾಜು ಹಾಕಿಸಿ ಅವರ ಮನೆಗೇ ತಲುಪಿಸಬಹುದು, ಮುಂಗಡ ಪಡೆದು ರಸೀದಿ ಕೊಟ್ಟರೆ ಸಾಕು. ದೂರದ ಮೇಳದಲ್ಲಿ ಈ ಅನುಕೂಲವಿಲ್ಲ; ಅಲ್ಲಿ ಗಾಜು ಕೇಳುವವರಿಗೆ ಕವರಿನ ಚಿತ್ರವನ್ನೇ ಕೊಟ್ಟು, ಹಿಂಬದಿಯಲ್ಲಿ ಫ್ರೇಮಿನ ಅಳತೆಯನ್ನು ಬರೆದುಕೊಡುತ್ತೇನೆ.