ಹಳೆ ನೆಗೆಟಿವ್ ಇಟ್ಟುಕೊಂಡಿರುವ ಬಾಗಲಕೋಟೆಯವರು ಈ ಲ್ಯಾಬಿಗೊಮ್ಮೆ ಹೋಗಿ
ನಮ್ಮ ಹಳೆ ಮನೆ ಈಗ ಆಲಮಟ್ಟಿ ಹಿನ್ನೀರಿನಲ್ಲಿದೆ. ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮುಳುಗಡೆಗೆ ಮುಂಚೆ ಅಪ್ಪ ಮನೆ, ಓಣಿ, ಕಟ್ಟೆ ಎಲ್ಲಾ ಸುತ್ತಿ ಎರಡು ರೋಲ್ ಫೋಟೋ ತೆಗೆದಿದ್ದರು. ಪ್ರಿಂಟುಗಳು ಒಂದಕ್ಕೊಂದು ಅಂಟಿ ಹಾಳಾದವು. ಟ್ರಂಕಿನಲ್ಲಿ ನೆಗೆಟಿವ್ ಮಾತ್ರ ಉಳಿದಿದ್ದವು.

ಮೊದಲು ಹೋದ ಸ್ಟುಡಿಯೋದಲ್ಲಿ ಹುಡುಗ ನೆಗೆಟಿವನ್ನು ಟ್ಯೂಬ್‌ಲೈಟಿಗೆ ಹಿಡಿದು, ಮೊಬೈಲ್‌ನಲ್ಲಿ ಹೊಡೆದು, ಉಲ್ಟಾ ಮಾಡಿ ಕೊಟ್ಟ. ಅವ್ವನ ಮುಖ ಪೂರಾ ನೀಲಿ. ಕಲರ್ ನೆಗೆಟಿವ್‌ನಲ್ಲಿ ಒಂದು ಕಿತ್ತಳೆ ಛಾಯೆ ಇರುತ್ತದೆ, ಅದನ್ನು ತೆಗೆಯದೆ ಸುಮ್ನೆ ಉಲ್ಟಾ ಮಾಡಿದರೆ ಹೀಗೇ ಆಗುತ್ತದೆ ಅಂತ ತಿಳಿದದ್ದು ನವನಗರದ ಈ ಸಣ್ಣ ಕಲರ್ ಲ್ಯಾಬಿಗೆ ಹೋದ ಮೇಲೆ.

ಇಲ್ಲಿನ ಮಾಲೀಕರು ವಯಸ್ಸಾದವರು. ಕೈಗೆ ಬಿಳಿ ಗ್ಲೌಸ್ ಹಾಕಿಕೊಂಡು, ಪಟ್ಟಿಯ ಅಂಚು ಮಾತ್ರ ಹಿಡಿದು, ಧೂಳು ಊದಿ, ಒಂದೊಂದೇ ಫ್ರೇಮ್ ನೋಡಿದರು. ಆಮೇಲೆ ಕೇಳಿದರು, "ನಿಮ್ಮ ಮನಿ ಬಾಗಲಾ ಯಾವ ಬಣ್ಣ ಇತ್ರೀ?" ನನಗೆ ನೆನಪಿರಲಿಲ್ಲ. ಅವ್ವನಿಗೆ ಫೋನ್ ಹಚ್ಚಿದೆ. ಎಲೆ ಹಸಿರು ಅಂದಳು. ಸ್ಕ್ಯಾನ್ ಮಾಡಿ, ಆ ಬಾಗಿಲಿನ ಹಸಿರು ಹಿಡಿದೇ ಉಳಿದ ಬಣ್ಣಗಳನ್ನೆಲ್ಲ ಸರಿಪಡಿಸಿದರು. ಇಷ್ಟು ಕಾಳಜಿಯಿಂದ ಕೇಳಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೊಸ ರೋಲ್ ತೊಳೆಸಬೇಕು ಅಂದರೆ ಇಲ್ಲಿ ಆಗುವುದಿಲ್ಲ. ಯಾಕೆ ನಿಲ್ಲಿಸಿದಿರಿ ಅಂತ ಕೇಳಿದೆ. ಡೆವಲಪರನ್ನು, ಅಂದರೆ ರೋಲ್ ತೊಳೆಯುವ ಕೆಮಿಕಲನ್ನು, 38 ಡಿಗ್ರಿ ಬಿಸಿಯಲ್ಲೇ ಇಡಬೇಕು, ದಿನಕ್ಕೆ ಎರಡು ರೋಲ್ ಬಂದರೂ ಅಷ್ಟೇ, ಐವತ್ತು ಬಂದರೂ ಅಷ್ಟೇ. ರೋಲ್ ಬರುತ್ತಿದ್ದರೆ ಹೊಸ ಕೆಮಿಕಲ್ ಸೇರುತ್ತಾ ಹೋಗುತ್ತದೆ, ಬರದಿದ್ದರೆ ಟ್ಯಾಂಕಿನಲ್ಲೇ ಕೆಡುತ್ತದೆ. ಮೊದಲು ಮದುವೆ ಫೋಟೋಗ್ರಾಫರ್‌ಗಳು ಡಿಜಿಟಲ್‌ಗೆ ಹೋದರು, ಆಮೇಲೆ ಮನೆಮನೆಗೆ ಮೊಬೈಲ್ ಬಂತು, ಕೊನೆಗೆ ರೋಲ್ ತೊಳೆಯುವ ಮಷೀನ್ ಬಂದ್ ಮಾಡಲೇಬೇಕಾಯಿತು. 2012ರಲ್ಲಿ ಕೊಡಾಕ್‌ನಂಥ ಕಂಪನಿಯೇ ದಿವಾಳಿ ಅರ್ಜಿ ಹಾಕಿತ್ತು. ಈಗ ಅಂಗಡಿ ನಡೆಯುವುದು ಪಾಸ್‌ಪೋರ್ಟ್ ಫೋಟೋ, ಕರಿಜ್ಮಾ ಆಲ್ಬಮ್‌ಗಳಿಂದ.

ಆದರೆ ಪ್ರಿಂಟ್ ಇಂಕಿನದಲ್ಲ. ಪ್ರಿಂಟ್ ಮಷೀನ್ ಫೋಟೋ ಪೇಪರ್ ಮೇಲೆ ಲೇಸರ್ ಬೆಳಕು ಬಿಡುತ್ತದೆ, ಪೇಪರ್ ಈಗಲೂ ಕೆಮಿಕಲ್‌ನಲ್ಲೇ ತೊಳೆದು ಬರುತ್ತದೆ. ನೆರಳಿನ ಭಾಗದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ತಕರಾರೂ ಇದೆ. ನಾಲ್ಕು ದಿನ ಅಂದವರು ಹನ್ನೆರಡು ದಿನ ಮಾಡಿದರು, ಫೋನೂ ಮಾಡಲಿಲ್ಲ. ಮೊದಲ ಪ್ರಿಂಟ್‌ನಲ್ಲಿ ಮುಖ ಸ್ವಲ್ಪ ಕೆಂಪಾಗಿತ್ತು, ದುಡ್ಡು ಕೇಳದೆ ಮತ್ತೆ ಹಾಕಿಕೊಟ್ಟರು. ಬೂಸ್ಟು ಹಿಡಿದ ಆರು ಫ್ರೇಮ್ ಉಳಿಯಲಿಲ್ಲ, ಅವಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಸ್ಕ್ಯಾನಿಗೆ ಫ್ರೇಮಿಗೆ 25 ರೂಪಾಯಿ. ಜಾಸ್ತಿ ಅಂತ ನನಗನಿಸಲಿಲ್ಲ.

ಹೋಗುವಾಗ ನೆಗೆಟಿವನ್ನು ಮಡಚಬೇಡಿ, ಬಟ್ಟೆಯಿಂದ ಒರೆಸಬೇಡಿ, ಇದ್ದ ಹಾಗೇ ಒಯ್ಯಿರಿ. ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು, ಮಾಲೀಕರು ಬಣ್ಣ ಕೇಳುತ್ತಾರೆ.