ಮೊಟ್ಟೆ ಎಲ್ಲಿಟ್ಟರೆ ಒಳ್ಳೆಯದು? ಬುಟ್ಟಿ, ಎಣ್ಣೆ ಲೇಪ, ಫ್ರಿಜ್ ಬಾಗಿಲು, ಒಳಗಿನ ಶೆಲ್ಫ್: ಇಟ್ಟು ನೋಡಿದ ಹೋಲಿಕೆ

ಫ್ರಿಜ್ ಬಾಗಿಲಲ್ಲಿ ಮೊಟ್ಟೆಗೆಂದೇ ಗುಂಡಿಗಳಿರುವ ಟ್ರೇ ಇರುತ್ತದೆ, ಅಲ್ವಾ? ಇಡೀ ಫ್ರಿಜ್‌ನಲ್ಲಿ ಮೊಟ್ಟೆಗೆ ಅಷ್ಟು ಒಗ್ಗದ ಜಾಗ ಇನ್ನೊಂದಿಲ್ಲ. ಸುಮ್ನೆ ಹೇಳುತ್ತಿಲ್ಲ, ಇಟ್ಟು ನೋಡಿ ಹೇಳುತ್ತಿದ್ದೇನೆ. ಒಂದೇ ದಿನ ತಂದ ಮೊಟ್ಟೆಗಳನ್ನು ಪಾಲು ಮಾಡಿದೆ. ಕೆಲವನ್ನು ಅಡುಗೆಮನೆಯ ಬುಟ್ಟಿಯಲ್ಲಿ ಇಟ್ಟೆ. ಕೆಲವಕ್ಕೆ ಎಣ್ಣೆ ಸವರಿ ಅದರ ಪಕ್ಕದಲ್ಲೇ ಇಟ್ಟೆ. ಉಳಿದವುಗಳಲ್ಲಿ ಕೆಲವು ಫ್ರಿಜ್ ಬಾಗಿಲಿಗೆ ಹೋದವು, ಕೆಲವು ಮುಚ್ಚಿದ ಬಾಕ್ಸ್‌ನಲ್ಲಿ ಒಳಗಿನ ಶೆಲ್ಫ್‌ಗೆ. ಒಂದಿಷ್ಟನ್ನು ಒಡೆದು ಫ್ರೀಜರ್‌ಗೂ ಹಾಕಿದೆ. ಚಿಪ್ಪಿನ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಆಗಾಗ ಒಂದೊಂದನ್ನು ಒಡೆದು ನೋಡುತ್ತಾ ಬಂದೆ.

ನೋಡುವುದು ಹೇಗೆ? ಚಪ್ಪಟೆ ತಟ್ಟೆಗೆ ಒಡೆದು ಬಿಟ್ಟರೆ ಸಾಕು. ಹೊಸ ಮೊಟ್ಟೆಯಲ್ಲಿ ಹಳದಿ ಗುಂಡಗೆ ಎದ್ದು ನಿಲ್ಲುತ್ತದೆ. ಅದರ ಸುತ್ತ ದಪ್ಪ ಬಿಳಿ ಲೋಳೆ ಒತ್ತಾಗಿ ಕೂತಿರುತ್ತದೆ. ನೀರಿನಂಥ ಬಿಳಿ ಅಂಚಿನಲ್ಲಿ ಸ್ವಲ್ಪ ಮಾತ್ರ. ದಿನ ಕಳೆದಂತೆ ಆ ದಪ್ಪ ಲೋಳೆ ಸಡಿಲಾಗಿ ತಟ್ಟೆ ತುಂಬ ಹರಿಯುತ್ತದೆ, ಹಳದಿ ಚಪ್ಪಟೆಯಾಗುತ್ತದೆ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅವುಗಳ ಮೂಲಕ ನೀರಿನಂಶವೂ ಕಾರ್ಬನ್ ಡೈಆಕ್ಸೈಡೂ ನಿಧಾನಕ್ಕೆ ಹೊರಗೆ ಹೋಗುತ್ತವೆ. ಕಾರ್ಬನ್ ಡೈಆಕ್ಸೈಡ್ ಹೋದಂತೆ ಬಿಳಿಯ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 7.6ರಿಂದ 9ರ ಮೇಲಕ್ಕೆ ಏರುತ್ತದೆ. ಲೋಳೆ ನೀರಾಗುವುದು ಇದರಿಂದಲೇ.

ಒಡೆಯದೆಯೂ ನೋಡಬಹುದು. ಕತ್ತಲೆಯಲ್ಲಿ ಮೊಟ್ಟೆಯ ಅಗಲ ತುದಿಗೆ ಮೊಬೈಲ್ ಟಾರ್ಚ್ ಒತ್ತಿ ಹಿಡಿಯಿರಿ. ಮೇಲೆ ಟೋಪಿ ಹಾಕಿದಂತೆ ಒಂದು ತಿಳಿ ಜಾಗ ಕಾಣುತ್ತದೆ. ಅದೇ ಗಾಳಿ ಗೂಡು. ಒಳಗಿನ ನೀರು ಆರಿದಷ್ಟೂ ಅದು ದೊಡ್ಡದಾಗುತ್ತದೆ. ಹಳೇ ಮೊಟ್ಟೆ ನೀರಲ್ಲಿ ತೇಲುವುದೂ ಈ ಗಾಳಿಯಿಂದಲೇ.

ಈಗ ಬುಟ್ಟಿಗೆ ಬರೋಣ. ಸೆಕೆಯ ದಿನಗಳಲ್ಲಿ ಇದು ಎಲ್ಲಕ್ಕಿಂತ ಬೇಗ ಸೋತಿತು. ಒಂದು ವಾರ ಆಗುವಷ್ಟರಲ್ಲೇ ಬಿಳಿ ತಟ್ಟೆಯ ಅಂಚಿಗೆ ಓಡುತ್ತಿತ್ತು. ಇನ್ನೂ ಸ್ವಲ್ಪ ದಿನ ಬಿಟ್ಟವುಗಳಲ್ಲಿ ಹಳದಿ ತಟ್ಟೆಗೆ ಬೀಳುತ್ತಲೇ ಒಡೆಯಿತು. ಈ ಒಡೆಯುವುದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮೊಟ್ಟೆಯ ಬಿಳಿ ತಾನೇ ಒಂದು ಕಾವಲು. ಅದರಲ್ಲಿರುವ ಲೈಸೋಜೈಮ್ ಎಂಬ ಪ್ರೋಟೀನ್ ಹಲವು ಬ್ಯಾಕ್ಟೀರಿಯಾಗಳ ಗೋಡೆ ಒಡೆಯುತ್ತದೆ. ಇನ್ನೊಂದು ಪ್ರೋಟೀನ್ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು ಅವುಗಳಿಗೆ ಸಿಗದಂತೆ ಮಾಡುತ್ತದೆ. ಆದರೆ ಶಾಖದಲ್ಲಿ ದಿನ ಕಳೆದರೆ ಹಳದಿಯ ಸುತ್ತಲಿನ ಪೊರೆ ಬಲ ಕಳೆದುಕೊಳ್ಳುತ್ತದೆ. ಆಗ ಹಳದಿಯಲ್ಲಿರುವ ಪೌಷ್ಟಿಕಾಂಶ ಬಿಳಿಗೆ ಸೋರುತ್ತದೆ, ಬ್ಯಾಕ್ಟೀರಿಯಾಗೆ ಊಟ ಸಿಕ್ಕಂತಾಗುತ್ತದೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕೆಲವೊಮ್ಮೆ ಕೋಳಿಯ ಅಂಡಾಶಯದಿಂದಲೇ ಮೊಟ್ಟೆಯೊಳಗೆ ಸೇರಿರಬಹುದು. ಅಂಥ ಮೊಟ್ಟೆ ಹೊರಗೆ ನೋಡಲು ಶುಭ್ರವಾಗಿ, ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಹೊರಗಿಟ್ಟ ಮೊಟ್ಟೆಯನ್ನು ಕೆಲವೇ ದಿನಗಳಲ್ಲಿ, ಚೆನ್ನಾಗಿ ಬೇಯಿಸಿ ಮುಗಿಸಬೇಕು. ಹಸಿ ಅಥವಾ ಅರೆಬೆಂದ ಮೊಟ್ಟೆಗೆ ಬುಟ್ಟಿಯಲ್ಲಿದ್ದದ್ದು ಬೇಡವೇ ಬೇಡ.

ಎಣ್ಣೆ ಲೇಪ ನನಗೆ ನಿಜಕ್ಕೂ ಅಚ್ಚರಿ ತಂದಿತು. ತಿನ್ನಲು ಯೋಗ್ಯವಾದ ಮಿನರಲ್ ಆಯಿಲ್ ಅನ್ನು ಅಂಗೈಗೆ ಹಚ್ಚಿಕೊಂಡು ಚಿಪ್ಪಿಗೆ ತೆಳ್ಳಗೆ ಸವರಿದ್ದೆ. ರಂಧ್ರ ಮುಚ್ಚಿದ್ದರಿಂದ ಗಾಳಿ ಗೂಡು ಅಷ್ಟಾಗಿ ಬೆಳೆಯಲೇ ಇಲ್ಲ. ಪಕ್ಕದಲ್ಲೇ ಇದ್ದ ಎಣ್ಣೆ ಇಲ್ಲದ ಮೊಟ್ಟೆಯ ಜೊತೆ ಒಡೆದಾಗ ವ್ಯತ್ಯಾಸ ಎದ್ದು ಕಂಡಿತು: ಒಂದರ ಲೋಳೆ ಹಳದಿಯನ್ನು ಹಿಡಿದುಕೊಂಡಿತ್ತು, ಇನ್ನೊಂದರದ್ದು ಹರಿದುಹೋಗಿತ್ತು. ಅಡುಗೆ ಎಣ್ಣೆಯಲ್ಲೂ ನೋಡಿದೆ. ಕೆಲಸ ಮಾಡುತ್ತದೆ, ಆದರೆ ಬರುಬರುತ್ತಾ ಚಿಪ್ಪು ಕಮಟು ವಾಸನೆ ಹೊಡೆಯುತ್ತದೆ.

ಆದರೂ ಎಣ್ಣೆಯನ್ನು ಫ್ರಿಜ್‌ಗೆ ಬದಲಿ ಎಂದು ನಾನು ಒಪ್ಪುವುದಿಲ್ಲ. ಎಣ್ಣೆ ತಡೆಯುವುದು ನೀರು ಆರುವುದನ್ನು ಮತ್ತು ಗಾಳಿಯ ಓಡಾಟವನ್ನು. ಒಳಗೆ ಮೊದಲೇ ಸೇರಿಕೊಂಡ ಸಾಲ್ಮೊನೆಲ್ಲಾವನ್ನು ಅದು ಏನೂ ಮಾಡುವುದಿಲ್ಲ. ನೋಡಲು ತಾಜಾ ಇರುವುದೇ ಬೇರೆ, ತಿನ್ನಲು ಸುರಕ್ಷಿತವಾಗಿರುವುದೇ ಬೇರೆ. ಇನ್ನೊಂದು ತೊಂದರೆಯೂ ಇದೆ. ಎಣ್ಣೆ ಸವರಿದ ಮೊಟ್ಟೆ ಬೇಯಿಸಿದರೆ ಸಿಪ್ಪೆ ಬಿಡಿಸುವುದು ಕಷ್ಟ, ಬಿಳಿಯೂ ಸಿಪ್ಪೆ ಜೊತೆಗೇ ಕಿತ್ತು ಬರುತ್ತದೆ.

ತೊಳೆಯುವ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೋಳಿ ಮೊಟ್ಟೆ ಇಡುವಾಗಲೇ ಚಿಪ್ಪಿನ ಮೇಲೆ ತೆಳುವಾದ ಒಂದು ರಕ್ಷಾ ಲೇಪ ಬಂದಿರುತ್ತದೆ. ತೊಳೆದರೆ ಅದು ಹೋಗುತ್ತದೆ. ಅದರಲ್ಲೂ ಬೆಚ್ಚಗಿನ ಮೊಟ್ಟೆಯನ್ನು ತಣ್ಣೀರಿಗೆ ಹಾಕಿದರೆ ಒಳಗಿನದ್ದು ಕುಗ್ಗಿ, ಕೊಳೆ ನೀರನ್ನು ರಂಧ್ರಗಳಿಂದ ಒಳಗೆ ಎಳೆದುಕೊಳ್ಳುತ್ತದೆ. ಚೆನ್ನಾಗಿ ನಡೆಸುವ ಘಟಕಗಳಲ್ಲಿ ಮೊಟ್ಟೆಗಿಂತ ಬಿಸಿಯಾದ ನೀರನ್ನೇ ಬಳಸುವುದು ಈ ಕಾರಣಕ್ಕೆ. ಕೊಳೆ ಅಂಟಿದ್ದರೆ ನಾನು ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಅದಕ್ಕೂ ಹೋಗದಿದ್ದರೆ ಅಡುಗೆಗೆ ಒಡೆಯುವ ಮುಂಚೆಯಷ್ಟೇ ತೊಳೆಯುತ್ತೇನೆ.

ಫ್ರಿಜ್‌ನೊಳಗಿನ ಎರಡು ಜಾಗಗಳ ಪೈಪೋಟಿ ಇಷ್ಟು ಜೋರಾಗಿರಲಿಲ್ಲ. ಬಾಗಿಲಲ್ಲಿದ್ದವು ಬುಟ್ಟಿಗಿಂತ ಎಷ್ಟೋ ಪಾಲು ಮೇಲು. ಆದರೆ ಬಾಗಿಲು ತೆರೆದಾಗಲೆಲ್ಲ ಬೆಚ್ಚಗಿನ ಗಾಳಿ ಮೊದಲು ತಾಕುವುದು ಅವಕ್ಕೇ. ಜೊತೆಗೆ ಬಾಗಿಲು ಬಡಿದ ಏಟಿಗೆ ಸಣ್ಣ ಸಣ್ಣ ಬಿರುಕು ಬಿಡುತ್ತವೆ. ಟ್ರೇ ತೆರೆದೇ ಇರುವುದರಿಂದ ಈರುಳ್ಳಿ, ಬೆಳ್ಳುಳ್ಳಿ ವಾಸನೆಯೂ ಚಿಪ್ಪು ದಾಟಿ ಒಳಗೆ ಹೋಗುತ್ತದೆ. ಹಿಂಭಾಗದ ಶೆಲ್ಫ್‌ನಲ್ಲಿ, ಮುಚ್ಚಿದ ಬಾಕ್ಸ್‌ನಲ್ಲಿದ್ದವು ವಾರಗಳು ಕಳೆದ ಮೇಲೂ ತಟ್ಟೆಯಲ್ಲಿ ಗಟ್ಟಿಯಾಗಿ ನಿಂತವು. ಬಾಕ್ಸ್ ವಾಸನೆಯನ್ನೂ ತಡೆಯುತ್ತದೆ, ನೀರು ಆರುವುದನ್ನೂ ನಿಧಾನ ಮಾಡುತ್ತದೆ. ಫ್ರಿಜ್ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗಿದ್ದರೆ ಸಾಲ್ಮೊನೆಲ್ಲಾ ಬೆಳೆಯುವುದು ಹೆಚ್ಚೂಕಮ್ಮಿ ನಿಂತೇ ಹೋಗುತ್ತದೆ. ಹೀಗಿಟ್ಟ ಮೊಟ್ಟೆಯನ್ನು 3ರಿಂದ 5 ವಾರದೊಳಗೆ ಬಳಸಬಹುದು. ನನ್ನ ಓಟು ಇದಕ್ಕೇ.

ಇಡುವಾಗ ಚೂಪು ತುದಿ ಕೆಳಗಿರಲಿ. ಗಾಳಿ ಗೂಡು ಮೇಲುಗಡೆ ಉಳಿಯುತ್ತದೆ, ಹಳದಿ ನಡುವೆಯೇ ಇರುತ್ತದೆ. ಫ್ರಿಜ್‌ನಿಂದ ತೆಗೆದದ್ದು 2 ಗಂಟೆಗಿಂತ ಜಾಸ್ತಿ ಹೊರಗೆ ಇರಬಾರದು. ತಣ್ಣಗಿನ ಚಿಪ್ಪು ಬೆವರುತ್ತದೆ, ಆ ತೇವದಲ್ಲಿ ಬ್ಯಾಕ್ಟೀರಿಯಾ ಒಳಗೆ ನುಸುಳುವುದು ಸುಲಭ. ಆದ್ದರಿಂದ ಬೇಕಾದಷ್ಟನ್ನೇ ತೆಗೆಯಿರಿ.

ಫ್ರೀಜರ್ ಬೇರೆಯೇ ಲೆಕ್ಕ. ಚಿಪ್ಪಿನ ಸಮೇತ ಇಟ್ಟರೆ ಒಳಗಿನದ್ದು ಹಿಗ್ಗಿ ಚಿಪ್ಪು ಸೀಳುತ್ತದೆ. ಒಡೆದು, ಕದಡಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟರೆ ಒಂದು ವರ್ಷದವರೆಗೂ ಇಡಬಹುದು. ಬರೀ ಬಿಳಿಯಾದರೆ ಕರಗಿದ ಮೇಲೂ ಚೆನ್ನಾಗಿ ನೊರೆ ಬರುತ್ತದೆ. ಬರೀ ಹಳದಿ ಮಾತ್ರ ಅಂಟಂಟು ಮುದ್ದೆಯಾಗುತ್ತದೆ. ಮೊದಲೇ ಚಿಟಿಕೆ ಉಪ್ಪು ಅಥವಾ ಸಕ್ಕರೆ ಬೆರೆಸಿದರೆ ಪರವಾಗಿಲ್ಲ. ಕರಗಿಸುವುದು ಫ್ರಿಜ್‌ನಲ್ಲೇ ಆಗಬೇಕು, ಕಟ್ಟೆಯ ಮೇಲಲ್ಲ.

ತೇಲಿಸಿ ನೋಡುವ ಪರೀಕ್ಷೆಯನ್ನು ನಾನೂ ಬಳಸುತ್ತೇನೆ. ತಳದಲ್ಲಿ ಅಡ್ಡ ಮಲಗಿದರೆ ಹೊಸದು, ನೆಟ್ಟಗೆ ನಿಂತರೆ ಹಳತು, ತೇಲಿದರೆ ತುಂಬ ಹಳತು. ಅದು ಹೇಳುವುದು ವಯಸ್ಸನ್ನು ಮಾತ್ರ. ಕೆಟ್ಟಿದೆಯೋ ಇಲ್ಲವೋ ಎಂಬುದಕ್ಕೆ ಬೇರೆ ಬಟ್ಟಲಲ್ಲಿ ಒಡೆದು ಮೂಸಿ ನೋಡಬೇಕು. ಸಾಲ್ಮೊನೆಲ್ಲಾಗೆ ವಾಸನೆಯೂ ಇಲ್ಲ. ಅದಕ್ಕೆ ಉತ್ತರ ಬೆಂಕಿಯೊಂದೇ: ಬಿಳಿ, ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸುವುದು. ಮೊಟ್ಟೆ ಮನೆಯಲ್ಲೇ ಬಿರುಕು ಬಿಟ್ಟಿದ್ದರೆ, ತಕ್ಷಣ ಒಡೆದು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟು 2 ದಿನದೊಳಗೆ ಮುಗಿಸಿ. ತರುವಾಗಲೇ ಬಿರುಕಿದ್ದರೆ ಎಸೆಯಿರಿ.

ಶೆಲ್ಫ್‌ನಲ್ಲಿ ಸ್ವಲ್ಪ ಹಳತಾದವನ್ನು ನಾನು ಬೇಯಿಸಲು ಎತ್ತಿಡುತ್ತೇನೆ. ಪಿಎಚ್ ಏರಿದ್ದರಿಂದ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಬೇಯಿಸಿದ ಮೇಲೆ ಮಾತ್ರ ಅವು ಫ್ರಿಜ್‌ನಲ್ಲಿ ಒಂದು ವಾರಕ್ಕಿಂತ ಹೆಚ್ಚು ಇರಬಾರದು.