ಟಿ-55ಗೆ ಬಿಡಿ ಲಿಂಕ್ ಚೈನ್ ಸೆಟ್: ದುಡ್ಡಿಗೆ ಮೋಸ ಇಲ್ಲ, ತಾಳ್ಮೆ ಇರಬೇಕು

ಹಿಟಾಚಿ, ಡೋಜರ್ ರಿಪೇರಿ ಮಾಡುವವನು ನಾನು. ಶಿವಮೊಗ್ಗದಲ್ಲಿ ಸಾಗರ ರಸ್ತೆ ಕಡೆ ನಮ್ಮ ಶೆಡ್. ಹಗಲೆಲ್ಲ ಆ ಗಾಡಿಗಳು ಉರುಳುವ ದೊಡ್ಡ ಚೈನ್, ರಾತ್ರಿ ಊಟ ಆದ ಮೇಲೆ ಮಾಡೆಲ್ ಟ್ಯಾಂಕಿನ ಚಿಕ್ಕ ಚೈನ್. ಯುದ್ಧದ ಟ್ಯಾಂಕಿನ ಪ್ಲಾಸ್ಟಿಕ್ ಮಾಡೆಲ್ ಕಂಡರೆ ಉಳಿದವರು ತೋಪು ನೋಡುತ್ತಾರೆ, ನಾನು ಬಗ್ಗಿ ಚೈನ್ ನೋಡುತ್ತೇನೆ. ಅಭ್ಯಾಸ, ಏನು ಮಾಡುವುದು.

ಈ ಸಲ ತರಿಸಿದ್ದು 1/35 ಅಳತೆಯ (ನಿಜವಾದದ್ದರ 35ರಲ್ಲಿ ಒಂದು ಪಾಲು) ಟಿ-55 ಅನ್ನುವ ಸೋವಿಯತ್ ಟ್ಯಾಂಕಿಗೆ ಹಾಕುವ, ಒಂದೊಂದಾಗಿ ಜೋಡಿಸುವ ಬಿಡಿ ಲಿಂಕ್‌ಗಳ ಪ್ಲಾಸ್ಟಿಕ್ ಚೈನ್ ಸೆಟ್. ಟ್ಯಾಂಕ್ ಕಿಟ್ ಜಪಾನಿನ ಟಮಿಯಾ ಕಂಪನಿಯದ್ದು, ಚೈನ್ ಬೇರೆ ಕಂಪನಿಯದು. ಆ ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ಇಲ್ಲಿ ಗೊಣಗುವ ವಿಷಯಗಳೆಲ್ಲ ಈ ಜಾತಿಯ ಸೆಟ್‌ಗಳಲ್ಲಿ ಇದ್ದದ್ದೇ, ಒಬ್ಬರನ್ನೇ ದೂರಿ ಪ್ರಯೋಜನ ಇಲ್ಲ.

ಕಿಟ್ ಜೊತೆಗೇ ಒಂದು ಚೈನ್ ಬರುತ್ತಲ್ಲ, ಮತ್ತೆ ಇದ್ಯಾಕೆ ಅಂತ ಕೇಳಬಹುದು. ಬರುತ್ತದೆ. ಮೆತ್ತನೆಯ ಒಂದೇ ಪಟ್ಟಿ, ಎರಡು ತುದಿ ಕೂಡಿಸಿದರೆ ಕೆಲಸ ಮುಗಿಯಿತು. ಅಚ್ಚೂ ಚೆನ್ನಾಗಿದೆ. ಆದರೆ ಪಟ್ಟಿ ಬಿಗಿಯಾಗಿ ನಿಂತುಬಿಡುತ್ತದೆ. ಟಿ-55ಗೆ ನಮ್ಮ ಹಿಟಾಚಿಯ ಹಾಗೆ ಮೇಲಿನ ಚೈನ್ ಹೊರುವ ಕ್ಯಾರಿಯರ್ ರೋಲರ್ ಇಲ್ಲ. ಒಂದೊಂದು ಪಕ್ಕಕ್ಕೆ ಐದು ದೊಡ್ಡ ಚಕ್ರ, ಮುಂದೆ ಚೈನ್ ಸುತ್ತಿ ಬರುವ ಐಡ್ಲರ್ ಚಕ್ರ, ಹಿಂದೆ ಹಲ್ಲಿರುವ ಸ್ಪ್ರಾಕೆಟ್ ಚಕ್ರ, ಅಷ್ಟೇ. ಎಳೆಯುವುದು ಹಿಂದಿನ ಸ್ಪ್ರಾಕೆಟ್. ಹಾಗಾಗಿ ಗಾಡಿ ಮುಂದಕ್ಕೆ ಹೋಗುವಾಗ ಬಿಗಿ ಬೀಳುವುದು ಕೆಳಗಿನ ಚೈನ್, ಮೇಲಿನದು ಸಡಿಲ. ಅಷ್ಟು ಭಾರದ ಉಕ್ಕು ಸಡಿಲ ಆದ ಮೇಲೆ ಗಾಳಿಯಲ್ಲಿ ನೆಟ್ಟಗೆ ನಿಲ್ಲುತ್ತಾ? ಚಕ್ರಗಳ ನೆತ್ತಿ ಮೇಲೆ ಬಿದ್ದುಕೊಂಡಿರುತ್ತದೆ. ಈ ಜೋಲು ಇಲ್ಲದ ಟಿ-55 ನೋಡಿದರೆ ನನಗೆ ಹೊಸ ಹಲ್ಲಿನ ಸೆಟ್ ಕಟ್ಟಿಸಿಕೊಂಡವರ ನಗು ನೋಡಿದ ಹಾಗಾಗುತ್ತದೆ.

ಕೊಳ್ಳುವ ಮೊದಲು ಒಂದು ಮಾತು. ಟಿ-55ಗೆ ಎರಡು ತರದ ಚೈನ್ ಇದ್ದವು. ಹಳೆಯದು ಓಎಂಎಸ್‌ಎಚ್, ಬರೀ ಒಣ ಪಿನ್. ಆಮೇಲೆ ಬಂದದ್ದು ಆರ್‌ಎಂಎಸ್‌ಎಚ್, ಪಿನ್ನಿಗೆ ರಬ್ಬರ್ ಬುಶ್. ಹಳೆಯದರ ಸ್ಪ್ರಾಕೆಟ್‌ಗೆ 13 ಹಲ್ಲು, ಹೊಸದಕ್ಕೆ 14. ಡಬ್ಬಿ ಮೇಲೆ ಬರೀ ಟಿ-55 ಅಂತ ನೋಡಿ ಆರ್ಡರ್ ಮಾಡಿದರೆ ಹಲ್ಲು ಒಂದು ಕಡೆ, ಲಿಂಕ್ ಒಂದು ಕಡೆ. ಕಿಟ್‌ನ ಸ್ಪ್ರಾಕೆಟ್ ಹಲ್ಲು ಎಣಿಸಿ ಆಮೇಲೆ ದುಡ್ಡು ಕಟ್ಟಿ. ನನಗೆ ಬೇಕಿದ್ದದ್ದು 1971ರ ಯುದ್ಧದ ನಮ್ಮ ಸೈನ್ಯದ ಗಾಡಿ, ಹಾಗಾಗಿ ಹಳೇ ನಮೂನೆಯದನ್ನೇ ತರಿಸಿದೆ.

ಈಗ ಕೆಲಸದ ವಿಚಾರ. ಒಂದು ಪಕ್ಕಕ್ಕೆ ಸುಮಾರು 90 ಲಿಂಕ್. ನಿಜವಾದ ಚೈನ್ 580 ಮಿಲಿಮೀಟರ್ ಅಗಲ. ಈ ಅಳತೆಯಲ್ಲಿ ಹದಿನಾರು ಚಿಲ್ಲರೆ ಮಿಲಿಮೀಟರ್ ಆಗುತ್ತದೆ. ಪ್ರತಿ ಲಿಂಕನ್ನೂ ಮೂರು ನಾಲ್ಕು ಕಡೆ ಕತ್ತರಿಸಿ, ಅದು ಅಂಟಿಕೊಂಡು ಬಂದ ಪ್ಲಾಸ್ಟಿಕ್ ಫ್ರೇಮಿನಿಂದ ಬಿಡಿಸಬೇಕು, ಕತ್ತರಿಸಿದ ಜಾಗ ಬ್ಲೇಡಿನಲ್ಲಿ ಕೆರೆದು ಸ್ಯಾಂಡ್ ಪೇಪರ್ ಹಾಕಬೇಕು. ಒಳಮೈಯಲ್ಲಿ ಅಚ್ಚಿನಿಂದ ಹೊರಗೆ ತಳ್ಳುವ ಕಡ್ಡಿಯ ಗುಂಡನೆಯ ಗುರುತು ಬೇರೆ. ಚಕ್ರ ಮುಚ್ಚುವ ಕಡೆ ಅದನ್ನು ಬಿಟ್ಟುಬಿಡಿ, ಕಾಣುವ ಕಡೆ ಮಾತ್ರ ಉಜ್ಜಿ. ಎಲ್ಲವನ್ನೂ ಉಜ್ಜುತ್ತೇನೆ ಅನ್ನುವವರಿಗೆ ಮಾಡಲು ಬೇರೆ ಕೆಲಸ ಇಲ್ಲ ಅಂತ ಅರ್ಥ.

ಲಿಂಕ್ ಜೋಡಿಸಲು ಎರಡೂ ಪಕ್ಕದಿಂದ ಕೂದಲೆಳೆಯಂಥ ಪಿನ್ ತೂರಿಸಬೇಕು. ಪಿನ್ ತಲೆಯ ಹತ್ತಿರ ಮಾತ್ರ ತೆಳು ಸಿಮೆಂಟ್ (ಪ್ಲಾಸ್ಟಿಕ್ ಅಂಟಿಸುವ ದ್ರವ) ಮುಟ್ಟಿಸಬೇಕು. ಕುಂಚದಲ್ಲಿ ಒಂದು ತೊಟ್ಟು ಜಾಸ್ತಿ ಇದ್ದರೂ ಅದು ಸಂದಿಯೊಳಗೆ ಹರಿದು ಕೀಲು ಜಾಮ್ ಆಗುತ್ತದೆ. ಪಿನ್ ಹಿಡಿಯಲು ಚಿಮುಟ ಚೂಪಾಗಿರಲಿ. ಫ್ಯಾನ್ ಆರಿಸಿ ಕೂರಿ. ಲಿಂಕ್‌ಗಳನ್ನು ನೇರ ಸಾಲಿನಲ್ಲಿ ಕೂರಿಸಲು ಒಂದು ಪ್ಲಾಸ್ಟಿಕ್ ಅಚ್ಚು ಕೊಡುವ ಸೆಟ್‌ಗಳೂ ಇವೆ, ಇದರಲ್ಲಿ ಕೊಟ್ಟಿಲ್ಲ. ನಾನು ಎರಡು ಸ್ಟೀಲ್ ಸ್ಕೇಲ್ ನಡುವೆ ಸಾಲು ಹಾಕಿಕೊಂಡೆ. ಬೆಲೆ ನೋಡಿದರೆ ಆ ಅಚ್ಚು ಕೊಡಬಹುದಿತ್ತು.

ಇಷ್ಟೆಲ್ಲ ಆದ ಮೇಲೆ ಚೈನ್ ಕೈಯಲ್ಲಿ ಸುತ್ತುತ್ತದೆ, ಬಳುಕುತ್ತದೆ, ಖುಷಿ ಆಗುತ್ತದೆ. ಆದರೆ ಪ್ಲಾಸ್ಟಿಕ್ಕಿಗೆ ತೂಕ ಎಲ್ಲಿಂದ ಬರಬೇಕು? ಚಕ್ರಕ್ಕೆ ಹಾಕಿದರೆ ತಾನಾಗೇ ಜೋಲುವುದಿಲ್ಲ. ಡಬ್ಬಿ ಮೇಲಿನ ಚಿತ್ರ ಇದನ್ನು ಹೇಳುವುದಿಲ್ಲ. ಮೇಲಿನ ಸಾಲನ್ನು ಕೈಯಿಂದಲೇ ಇಳಿಸಿ ಎರಡು, ಮೂರು, ನಾಲ್ಕನೇ ಚಕ್ರದ ನೆತ್ತಿಗೆ ಅಂಟಿಸಬೇಕು, ಒಣಗುವ ತನಕ ಮೇಲಿಂದ ಸ್ಪಂಜಿನ ತುಂಡು ತುರುಕಿಡಬೇಕು. ಐಡ್ಲರನ್ನು ಅಂಟಿಸದೆ ಬಿಟ್ಟಿದ್ದರೆ ಹಿಂದೆ ಮುಂದೆ ತಿರುಗಿಸಿ ಬಿಗಿ ಹೊಂದಿಸಬಹುದು. ನಿಜವಾದ ಟಿ-55ನಲ್ಲೂ ಚೈನ್ ಬಿಗಿ ಮಾಡುವುದು ಐಡ್ಲರ್ ಸರಿಸಿಯೇ. ಶೆಡ್ಡಿಗೆ ತಂದು ಬೆಂಚಿನ ಮೇಲಿಟ್ಟಿದ್ದೆ. ನಮ್ಮ ಹುಡುಗ ಬಗ್ಗಿ ನೋಡಿ, "ಅಣ್ಣಾ, ಚೈನ್ ಲೂಸ್ ಇದೆ, ಗ್ರೀಸ್ ಹೊಡೀಲಾ?" ಅಂದ. ಹಿಟಾಚಿಯಲ್ಲಿ ಗ್ರೀಸ್ ತುಂಬಿಯೇ ಅಲ್ವಾ ನಾವು ಚೈನ್ ಬಿಗಿ ಮಾಡುವುದು. ಈ ಸೆಟ್ಟಿಗೆ ಅದಕ್ಕಿಂತ ಒಳ್ಳೆ ರಿವ್ಯೂ ನಾನು ಬರೆಯಲಾರೆ.

ತಾನಾಗೇ ಜೋಲಬೇಕು ಅಂದರೆ ಲೋಹದ ಚೈನ್ ಇದೆ. ಹಂಗೇರಿಯ ಫ್ರಿಯುಲ್‌ಮಾಡೆಲ್ ಇದಕ್ಕೆ ಹೆಸರಾದದ್ದು. ತಂತಿ ಕತ್ತರಿಸಿ ಪಿನ್ ಮಾಡಿ ತೂರಿಸುವುದು. ತೂಕ ಇರುವುದರಿಂದ ಬೀಳಬೇಕಾದ ಕಡೆ ಬೀಳುತ್ತದೆ. ಬೆಲೆ ಮಾತ್ರ ನನ್ನಂಥವನಿಗೆ ಹಬ್ಬಕ್ಕೊಮ್ಮೆ.

ಬಣ್ಣದಲ್ಲಿ ಹೆಚ್ಚಿನವರು ಚೈನಿಗೆ ಕಿತ್ತಳೆ ತುಕ್ಕು ಬಳಿಯುತ್ತಾರೆ. ಓಡುವ ಗಾಡಿಗೆ ಅದು ಸಲ್ಲ. ಈ ಲಿಂಕ್‌ಗಳು ಮ್ಯಾಂಗನೀಸ್ ಉಕ್ಕು. ಹೊಡೆತ ತಿಂದಷ್ಟೂ ಗಟ್ಟಿಯಾಗುವ ಲೋಹ, ನಿಂತಾಗ ಮಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಪ್ರೈಮರ್ ಮೇಲೆ ಕಪ್ಪು ಬೆರೆತ ಕಂದು, ಸಂದಿಗಳಿಗೆ ನೀರಾಗಿಸಿದ ಗಾಢ ಕಂದು ಬಣ್ಣದ ವಾಶ್, ಸಾಕು. ಹೊಳಪಿಗೆ ಸಿಲ್ವರ್ ಬಣ್ಣ ಬೇಡ, 4ಬಿ ಪೆನ್ಸಿಲ್ ತೆಗೆದುಕೊಳ್ಳಿ. ನೆಲಕ್ಕೆ ತಾಗುವ ಏಣುಗಳು, ಸ್ಪ್ರಾಕೆಟ್ ಹಲ್ಲು ಕಚ್ಚುವ ಅಂಚುಗಳು, ಅಷ್ಟಕ್ಕೆ ಉಜ್ಜಿ. ಹಿಟಾಚಿಯ ರೋಲರ್ ಉಕ್ಕಿನದು, ಅದು ಓಡುವ ಜಾಗ ಥಳಥಳ ಅನ್ನುತ್ತದೆ. ಟಿ-55 ಚಕ್ರಕ್ಕೆ ರಬ್ಬರ್ ಇದೆ. ಅಲ್ಲಿ ಸವೆದು ನುಣುಪಾಗುತ್ತದೆ, ಅಷ್ಟು ಮಿಂಚುವುದಿಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಒಳಗೆ ಎರಡು ಬೆಳ್ಳಿ ಗೆರೆ ಎಳೆದಿರುತ್ತಾರೆ, ನೋಡಿ ಮೈ ಉರಿಯುತ್ತದೆ.

ಮಣ್ಣಿಗೆ ಅಂಗಡಿ ಪುಡಿ ಬೇಕಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣಿನ ಪುಡಿ ಕೈಗೆ ಸಿಕ್ಕಿದ್ದನ್ನೆಲ್ಲ ಕೆಂಪು ಮಾಡುತ್ತದೆ, ಹಚ್ಚಲು ಕೈ ತುರಿಸುತ್ತದೆ. ಆದರೆ ಈ ಟ್ಯಾಂಕ್ ಆಗುಂಬೆ ಘಟ್ಟ ಹತ್ತಿದ್ದಲ್ಲ. ಪಂಜಾಬ್ ಬಯಲಿನ ಮಣ್ಣು ಬೂದು ಕಂದು. ತುಂಗೆ ದಡದ ಒಣ ಮೆಕ್ಕಲು ಅದಕ್ಕೆ ಹತ್ತಿರ ಬರುತ್ತದೆ. ಹಳೇ ಪಂಚೆಯಲ್ಲಿ ಜರಡಿ ಹಿಡಿದು, ಬಾಣಲೆಯಲ್ಲಿ ಬೆಚ್ಚಗೆ ಹುರಿದೆ. ಇಲ್ಲಿಯ ಥಂಡಿಗೆ ಹುರಿಯದೆ ಹಚ್ಚಿದರೆ ಬೂಷ್ಟು ಬರುತ್ತದೆ. ಆ ಬಾಣಲೆಯನ್ನು ಮನೆಯವರು ಈಗ ಅಡುಗೆಮನೆಗೆ ವಾಪಸ್ ಸೇರಿಸುತ್ತಿಲ್ಲ.

ಮಳೆಗಾಲದಲ್ಲಿ ಜೋಡಿಸುವ ಕೆಲಸ ಮಾಡಿ, ಸ್ಪ್ರೇ ಬೇಡ. ಜುಲೈ ಗಾಳಿಯ ತೇವಕ್ಕೆ ಮ್ಯಾಟ್ ವಾರ್ನಿಶ್ ಬೆಳ್ಳಗೆ ಮಬ್ಬಾಗುತ್ತದೆ, ಕಂದು ಚೈನಿನ ಮೇಲೆ ಅದು ಎದ್ದು ಕಾಣುತ್ತದೆ.

ಟಿ-55, ಟಿ-34 ತರ ಮೇಲಿನ ಚೈನ್ ಪೂರ್ತಿ ಕಾಣುವ ಟ್ಯಾಂಕಿಗೆ ಈ ತರದ ಸೆಟ್ ಧೈರ್ಯವಾಗಿ ಕೊಳ್ಳಿ. ನನ್ನ ಮುಂದಿನದು ಸೆಂಚೂರಿಯನ್ ಟ್ಯಾಂಕ್, 1971ರ ಬಸಂತರ್ ಕದನದಲ್ಲಿ ನಮ್ಮ ಸೈನ್ಯದ ಅರುಣ್ ಖೇತ್ರಪಾಲ್ ನಡೆಸಿದ ನಮೂನೆಯದು. ಅದರ ಪಕ್ಕಕ್ಕೆ ಉದ್ದಕ್ಕೂ ತಗಡಿನ ಮರೆ ಇದೆ, ಮೇಲಿನ ಚೈನ್ ಯಾರಿಗೂ ಕಾಣುವುದಿಲ್ಲ. ಅದಕ್ಕೆ ಕಿಟ್‌ನ ಪಟ್ಟಿಯನ್ನೇ ಹಾಕುತ್ತೇನೆ.